‘ಆನ್ ಆಗಿದ್ಯಾ ಇದು?’: ಮೊಣಕೈ, ಮಂಡಿ ನೋವಿಗೆ ಕೊಡುವ ಲೇಸರ್ ಒಳಗೆ ಮಾಡುವುದೇನು

ನಮ್ಮ ಅತ್ತಿಗೆ ಜೀವಮಾನದಲ್ಲಿ ಟೆನಿಸ್ ರಾಕೆಟ್ ಹಿಡಿದವರಲ್ಲ. ಆದರೂ ಅವರಿಗೆ ‘ಟೆನಿಸ್ ಎಲ್ಬೋ’ ಬಂತು. ಬೆಡ್‌ಶೀಟ್ ಹಿಂಡಿ ಹಿಂಡಿ ಬಂದದ್ದು. ಎರಡು ತಿಂಗಳು ಮುಲಾಮು ಹಚ್ಚಿದರು, ಬಿಸಿನೀರಿನ ಚೀಲ ಇಟ್ಟರು, ಕಡೆಗೆ ಫಿಸಿಯೋಥೆರಪಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿದ್ದ ಹುಡುಗಿ ಇಬ್ಬರಿಗೂ ದಪ್ಪ ಬಣ್ಣದ ಕನ್ನಡಕ ಕೊಟ್ಟಳು. ತಾನೂ ಒಂದು ಹಾಕಿಕೊಂಡಳು. ಪೆನ್ನಿನಂಥ ಕಡ್ಡಿಯೊಂದನ್ನು ಮೊಣಕೈಯ ಹೊರಬದಿಯ ಗಂಟಿನ ಪಕ್ಕ ಒತ್ತಿ ಹಿಡಿದಳು. ಯಂತ್ರ ಬೀಪ್ ಅಂತು. ನಲವತ್ತು ಸೆಕೆಂಡ್ ಆದ ಮೇಲೆ ಮತ್ತೆ ಬೀಪ್. ಕಡ್ಡಿ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು.

‘ಏನೂ ಗೊತ್ತೇ ಆಗ್ತಿಲ್ವಲ್ಲಮ್ಮ, ಆನ್ ಆಗಿದ್ಯಾ ಇದು?’ ಅಂದರು ಅತ್ತಿಗೆ.

‘ಆಗಿದೆ ಆಂಟಿ. ಕನ್ನಡಕ ತೆಗೀಬೇಡಿ.’

ಬಿಸಿಯಿಲ್ಲ. ಕರೆಂಟ್ ಕೊಡುವಾಗಿನ ಜುಮ್ಮೆನ್ನುವುದೂ ಇಲ್ಲ. ಬೆಳಕೂ ಕಾಣಲಿಲ್ಲ. ಈಗ ಸಣ್ಣ ಊರುಗಳ ಫಿಸಿಯೋ ಕ್ಲಿನಿಕ್‌ಗಳ ಬೋರ್ಡಿನಲ್ಲೂ ‘ಲೇಸರ್ ಇದೆ’ ಅಂತ ಬರೆದಿರುತ್ತದೆ. ಉಳುಕು, ಹಿಮ್ಮಡಿ ನೋವು, ಮಂಡಿ ಸವೆತ, ಮುರಿದ ಮೂಳೆ, ಎಲ್ಲದಕ್ಕೂ ಹತ್ತು ಸಿಟ್ಟಿಂಗ್ ಬರೆದುಕೊಡುತ್ತಾರೆ. ಹಾಗಾಗಿ ಅತ್ತಿಗೆ ಕೇಳಿದ ಪ್ರಶ್ನೆಯನ್ನೇ ಹಿಡಿದು ಸ್ವಲ್ಪ ಒಳಗೆ ಹೋಗಿ ನೋಡೋಣ.

ಲೇಸರ್ ಅಂದರೆ ಸುಡುವುದಲ್ವಾ?

ಕಣ್ಣಿನ ಪೊರೆ, ಕಿಡ್ನಿ ಕಲ್ಲು, ಬೇಡದ ಕೂದಲು. ಲೇಸರ್ ಅಂದಕೂಡಲೇ ನಮಗೆ ನೆನಪಾಗುವುದು ಇವೇ. ಅಲ್ಲೆಲ್ಲ ಲೇಸರ್ ಕೊಯ್ಯುತ್ತದೆ, ಒಡೆಯುತ್ತದೆ, ಇಲ್ಲವೇ ಸುಡುತ್ತದೆ. ನೋವಿಗೆ ಕೊಡುವುದು ಬೇರೆ ಜಾತಿ. ಇದನ್ನು ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ ಅನ್ನುತ್ತಾರೆ, ಕ್ಲಿನಿಕ್ಕಿನ ಮಾತಿನಲ್ಲಿ ‘ಕೋಲ್ಡ್ ಲೇಸರ್’. ಸಂಶೋಧಕರು ಈಚೆಗೆ ‘ಫೋಟೋಬಯೋಮಾಡ್ಯುಲೇಶನ್’ ಎಂಬ ಉದ್ದ ಹೆಸರು ಬಳಸುತ್ತಾರೆ. ಬೆಳಕಿನಿಂದ ಜೀವಕೋಶದ ಕೆಲಸವನ್ನು ಸ್ವಲ್ಪ ಆಚೀಚೆ ಮಾಡುವುದು ಎಂದಷ್ಟೇ ಅದರ ಅರ್ಥ.

ಶಕ್ತಿ ಎಷ್ಟು ಕಡಿಮೆ? ಅತ್ತಿಗೆಯ ಕೈಗೆ ಹಿಡಿದ ಯಂತ್ರದ ಬೆನ್ನಿನ ಚೀಟಿಯಲ್ಲಿ 808 ನ್ಯಾನೊಮೀಟರ್ (ಇದು ಬೆಳಕಿನ ಬಣ್ಣದ ಅಳತೆ), 100 ಮಿಲಿವ್ಯಾಟ್ ಎಂದಿತ್ತು. ನಮ್ಮ ಮನೆಯ ಸಾಧಾರಣ ಎಲ್‌ಇಡಿ ಬಲ್ಬ್ 9 ವ್ಯಾಟ್, ಅಂದರೆ 9000 ಮಿಲಿವ್ಯಾಟ್ ಕರೆಂಟ್ ತಿನ್ನುತ್ತದೆ. ಹಾಗಾದರೆ ಬಲ್ಬಿನ ಕೆಳಗೇ ಮೊಣಕೈ ಇಟ್ಟುಕೊಂಡು ಕೂತರೆ ಸಾಲದಾ? ಸಾಲದು. ಬಲ್ಬಿನ ಬೆಳಕು ಕೋಣೆಯೆಲ್ಲ ಹರಡಿಹೋಗುತ್ತದೆ, ಅದರಲ್ಲಿ ಎಲ್ಲ ಬಣ್ಣಗಳೂ ಕಲಸಿಕೊಂಡಿರುತ್ತವೆ. ಲೇಸರ್ ಒಂದೇ ಬಣ್ಣದ ಬೆಳಕು, ಬೀಳುವ ಜಾಗ ಮೆಣಸಿನ ಕಾಳಿನಷ್ಟು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಅಷ್ಟೇ ನೀರು ಒಂದೇ ಕಡೆ ರಭಸವಾಗಿ ಚಿಮ್ಮುತ್ತದಲ್ಲ, ಹಾಗೆ.

ಮೀಟಿಂಗಿನಲ್ಲಿ ಪರದೆ ತೋರಿಸಲು ಬಳಸುವ ಪಾಯಿಂಟರ್ ಸಾಮಾನ್ಯವಾಗಿ 5 ಮಿಲಿವ್ಯಾಟ್ ಒಳಗಿನದು. ಚಿಕಿತ್ಸೆಯ ಯಂತ್ರಗಳಲ್ಲಿ ಹೆಚ್ಚಿನವು 500 ಮಿಲಿವ್ಯಾಟ್ ಒಳಗೆ ಇರುತ್ತವೆ. ಇವನ್ನು ‘ಕ್ಲಾಸ್ 3ಬಿ’ ಎಂದು ಗುರುತಿಸುತ್ತಾರೆ. ಅದರಿಂದ ಮೇಲಿನದು ‘ಕ್ಲಾಸ್ 4’. ಅದು ಹಲವು ವ್ಯಾಟ್‌ವರೆಗೂ ಹೋಗುತ್ತದೆ, ಚರ್ಮಕ್ಕೆ ಬಿಸಿ ತಟ್ಟುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಸುಡುತ್ತದೆ ಎಂದು ಅದನ್ನು ಇಸ್ತ್ರಿ ಪೆಟ್ಟಿಗೆಯ ಹಾಗೆ ಆಡಿಸುತ್ತಲೇ ಇರಬೇಕು.

ಇಲಿಯ ಬೆನ್ನಿನ ಕೂದಲು

ಇದು ಶುರುವಾದದ್ದು ಒಂದು ಸೋತ ಪ್ರಯೋಗದಿಂದ. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಉರಿಸಿದರು. ಮಾಣಿಕ್ಯದ ಕಡ್ಡಿಯಿಂದ ಹೊರಟ ಕೆಂಪು ಬೆಳಕು ಅದು. ಸ್ವಲ್ಪ ಕಾಲದಲ್ಲೇ ಬಾಸ್ಟನ್‌ನಲ್ಲಿ ಪಾಲ್ ಮೆಕ್‌ಗಫ್ ಎಂಬ ವೈದ್ಯರು ಅಂಥ ಲೇಸರ್‌ನಿಂದ ಕ್ಯಾನ್ಸರ್ ಗೆಡ್ಡೆ ಸುಡಲು ನೋಡಿದರು. ಹಂಗೇರಿಯ ಬುಡಾಪೆಸ್ಟ್‌ನಲ್ಲಿದ್ದ ಎಂಡ್ರೆ ಮೆಸ್ಟರ್ 1967ರಲ್ಲಿ ಅದನ್ನೇ ಇಲಿಗಳ ಮೇಲೆ ಮಾಡಿ ನೋಡಿದರು. ಬೆನ್ನು ಬೋಳಿಸಿದರು, ಲೇಸರ್ ಹಿಡಿದರು. ಗೆಡ್ಡೆಗೆ ಏನೂ ಆಗಲಿಲ್ಲ. ಅವರ ಯಂತ್ರದ ಶಕ್ತಿ ಬಾಸ್ಟನ್ನಿನದಕ್ಕಿಂತ ಬಹಳ ಕಡಿಮೆಯಿತ್ತು.

ಆದರೆ ಲೇಸರ್ ಬಿದ್ದ ಇಲಿಗಳ ಬೆನ್ನಲ್ಲಿ ಕೂದಲು ಬೇಗ ಬೆಳೆಯಿತು. ಗಾಯವೂ ಬೇಗ ಮಾಗುತ್ತಿತ್ತು. ಮೆಸ್ಟರ್ ಆಮೇಲೆ ವರ್ಷಗಟ್ಟಲೆ ವಾಸಿಯಾಗದ ಹುಣ್ಣಿನ ರೋಗಿಗಳಿಗೂ ಇದನ್ನು ಕೊಟ್ಟರು. ಇದರ ಬಾಲದಲ್ಲಿ ಇನ್ನೊಂದು ತಮಾಷೆಯಿದೆ. ಕ್ಯಾನ್ಸರ್ ಸುಡಲು ಹೋಗಿ ಸೋತ ಈ ಬೆಳಕಿಗೆ ಇವತ್ತು ಅತ್ಯಂತ ಗಟ್ಟಿ ಪುರಾವೆ ಇರುವ ಬಳಕೆಗಳಲ್ಲಿ ಒಂದು ಕ್ಯಾನ್ಸರ್ ರೋಗಿಗಳದ್ದೇ. ಕೀಮೋ, ರೇಡಿಯೇಶನ್‌ನಿಂದ ಬಾಯಲ್ಲಿ ಏಳುವ ಹುಣ್ಣನ್ನು ತಡೆಯಲು ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಇದನ್ನು ಶಿಫಾರಸು ಮಾಡುತ್ತವೆ.

ಚರ್ಮ ದಾಟಿ ಬೆಳಕು ಒಳಗೆ ಹೋಗುತ್ತದಾ?

ಇವತ್ತು ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಮೇಲೆ ಅಂಗೈ ಮುಚ್ಚಿ ನೋಡಿ. ಬಿಳಿ ಬೆಳಕು ಹಾಕಿದ್ದೀರಿ, ಬೆರಳ ಸಂದಿಯಲ್ಲಿ ಕಾಣುವುದು ಕೆಂಪು. ನೀಲಿ, ಹಸಿರು ಬೆಳಕನ್ನು ರಕ್ತವೂ ಚರ್ಮದ ಬಣ್ಣವೂ ನುಂಗಿಬಿಟ್ಟವು. ಕೆಂಪು ಮಾತ್ರ ತೂರಿ ಬಂತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಕೆಲಸ ಮಾಡುವುದೂ ಇದರ ಮೇಲೆಯೇ. ಬೆರಳಿನ ಆಚೆಯಿಂದ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬಿಟ್ಟು, ಈಚೆಗೆ ಎಷ್ಟು ಬಂತು ಎಂದು ಅದು ಅಳೆಯುತ್ತದೆ.

ಬೆಳಕಿನ ಬಣ್ಣವನ್ನು ನ್ಯಾನೊಮೀಟರ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರ್‌ನಲ್ಲಿ 10 ಲಕ್ಷ ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರವರೆಗೆ. 600ಕ್ಕಿಂತ ಕೆಳಗಿನದನ್ನು ರಕ್ತ ನುಂಗುತ್ತದೆ. 1000 ದಾಟಿದರೆ ಮೈಯೊಳಗಿನ ನೀರು ನುಂಗಲು ಶುರುಮಾಡುತ್ತದೆ. ನಡುವಿನ 600ರಿಂದ 1000 ಒಂದು ಕಿಟಕಿಯ ಹಾಗೆ ತೆರೆದಿದೆ. ಚಿಕಿತ್ಸೆಯ ಲೇಸರ್‌ಗಳಲ್ಲಿ ಹೆಚ್ಚಿನವು ಈ ಕಿಟಕಿಯಲ್ಲೇ ನಿಂತಿವೆ: 630–660ರ ಕೆಂಪು, 780–860ರ ಅವಕೆಂಪು, 904ರ ಬಿಟ್ಟು ಬಿಟ್ಟು ಮಿಡಿಯುವ ಅವಕೆಂಪು. ಅವಕೆಂಪು ಕಣ್ಣಿಗೆ ಕಾಣದು. ಟಿವಿ ರಿಮೋಟ್‌ನಲ್ಲಿ ಇರುವುದೂ ಅಂಥದ್ದೇ. ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಒತ್ತಿದರೆ ಎಷ್ಟೋ ಫೋನ್‌ಗಳಲ್ಲಿ ನೇರಳೆ ಮಿಣುಕು ಕಾಣುತ್ತದೆ. ಈ ಆಟ ರಿಮೋಟ್ ಜೊತೆ ಮಾತ್ರ. ಕ್ಲಿನಿಕ್ಕಿನ ಲೇಸರ್ ಜೊತೆ ಬೇಡ.

ಕಿಟಕಿ ತೆರೆದಿದೆ ಎಂದ ಮಾತ್ರಕ್ಕೆ ಬೆಳಕು ಎಲ್ಲೆಲ್ಲೂ ಹೋಗುವುದಿಲ್ಲ. ಹಾಲಿಗೆ ಟಾರ್ಚ್ ಬಿಟ್ಟ ಹಾಗೆ ಒಳಗೆ ಚದುರಿಹೋಗುತ್ತದೆ. ಮೊದಲ ಒಂದು ಸೆಂಟಿಮೀಟರಿನಲ್ಲೇ ಬಹುಪಾಲು ಖರ್ಚು. ಮೊಣಕೈ, ಹಿಮ್ಮಡಿಯ ಮೇಲ್ಭಾಗ, ಬೆರಳ ಗಂಟು ಚರ್ಮದ ಕೆಳಗೇ ಇರುವುದರಿಂದ ಅಲ್ಲಿಗೆ ಸಾಕಷ್ಟು ಮುಟ್ಟುತ್ತದೆ. ಸೊಂಟದ ಕೀಲಿನಂಥ ಆಳದ ಜಾಗಕ್ಕೆ ತಲುಪುವುದು ಬಹಳ ಕಮ್ಮಿ. ಕಡ್ಡಿಯನ್ನು ಚರ್ಮಕ್ಕೆ ತಾಗಿಸಿ ಒತ್ತುವುದೂ ಇದಕ್ಕೇ. ದೂರ ಹಿಡಿದರೆ ಒಂದಿಷ್ಟು ಬೆಳಕು ಚರ್ಮಕ್ಕೆ ಬಡಿದು ವಾಪಸ್ ಹೋಗುತ್ತದೆ.

ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ಮಾತು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ 904ಕ್ಕಿಂತ 810ರ ಬೆಳಕನ್ನು ಜಾಸ್ತಿ ಹೀರುತ್ತದೆ. ಶಕ್ತಿ ಹೆಚ್ಚಿದ್ದರೆ ಕಪ್ಪು ಚರ್ಮ ಬಿಳಿ ಚರ್ಮಕ್ಕಿಂತ ಬೇಗ ಬಿಸಿಯಾಗುತ್ತದೆ. ಬಿಸಿ ಚುರುಗುಟ್ಟಿದರೆ ಸಹಿಸಿಕೊಂಡು ಕೂರಬೇಡಿ, ತಕ್ಷಣ ಹೇಳಿ.

ಒಳಗೆ ಹೋದ ಮೇಲೆ

ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯಾ ಎಂಬ ಪುಟಾಣಿ ಒಲೆಗಳಿವೆ. ತಿಂದ ಅನ್ನವನ್ನೂ ಉಸಿರಿನ ಆಮ್ಲಜನಕವನ್ನೂ ಬಳಸಿ ಎಟಿಪಿ ಎಂಬ ಇಂಧನ ಮಾಡುವುದು ಅವುಗಳ ಕೆಲಸ. ಈ ಒಲೆಯ ಕೊನೆಯ ಹಂತದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅದರಲ್ಲಿ ಕಬ್ಬಿಣ, ತಾಮ್ರ ಇವೆ. ಅವು ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ.

ಪೆಟ್ಟು ಬಿದ್ದ, ದಣಿದ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಬಂದು ಈ ಕಿಣ್ವದಲ್ಲಿ ಆಮ್ಲಜನಕದ ಜಾಗದಲ್ಲಿ ಕೂತುಬಿಡುತ್ತದೆ. ಹಾಲು ಉಕ್ಕಿ ಗ್ಯಾಸ್ ಬರ್ನರಿನ ತೂತು ಕಟ್ಟಿಕೊಂಡ ಹಾಗೆ. ಉರಿ ಸಣ್ಣಗಾಗುತ್ತದೆ. ಬೆಳಕು ಪಿನ್ನಿನಂತೆ ಬಂದು ತೂತು ಬಿಡಿಸುತ್ತದೆ, ಒಲೆ ಮತ್ತೆ ಸರಿಯಾಗಿ ಉರಿಯುತ್ತದೆ, ಕೋಶಕ್ಕೆ ರಿಪೇರಿ ಮಾಡಿಕೊಳ್ಳಲು ಇಂಧನ ಸಿಗುತ್ತದೆ. ರಷ್ಯಾದ ಟೀನಾ ಕರು ಅವರ ಕೆಲಸದಿಂದ ಬೆಳೆದ ವಿವರಣೆ ಇದು. ಎಲ್ಲ ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲೂ ಇದೇ ಇರುತ್ತದೆ. ಆದರೆ ಅದು ಪೂರ್ತಿ ಕಥೆಯಲ್ಲ. 2019ರಲ್ಲಿ ಈ ಕಿಣ್ವವೇ ಇಲ್ಲದ ಕೋಶಗಳಿಗೆ ಕೆಂಪು ಬೆಳಕು ಬಿಟ್ಟು ನೋಡಿದರು. ಅವೂ ಚುರುಕಾಗಿ ಬೆಳೆದವು! ಅಂದರೆ ಬೆಳಕಿಗೆ ಒಳಗೆ ಬೇರೆ ಬಾಗಿಲೂ ಇದೆ.

ಮನುಷ್ಯರ ಮೈಯೊಳಗೇ ಅಳೆದು ನೋಡಿದ ಒಂದು ಪ್ರಯೋಗ ನನಗೆ ಇಷ್ಟ. 2006ರಲ್ಲಿ ಪ್ರಕಟವಾದದ್ದು. ಎರಡೂ ಹಿಮ್ಮಡಿಯ ಟೆಂಡನ್‌ನಲ್ಲಿ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು) ನೋವಿದ್ದ 7 ಜನ, ಒಟ್ಟು 14 ಟೆಂಡನ್. ಕೂದಲೆಳೆಯಂಥ ನಳಿಕೆಯನ್ನು ಟೆಂಡನ್ ಪಕ್ಕ ಇಳಿಸಿ, ಉರಿಯೂತ ಎಬ್ಬಿಸುವ ಪ್ರೋಸ್ಟಗ್ಲಾಂಡಿನ್ ಇ2 ಎಂಬ ವಸ್ತು ಎಷ್ಟಿದೆ ಎಂದು ಅಳೆದರು. ನಿಜವಾದ ಲೇಸರ್ ಕೊಟ್ಟ ಕಡೆ ಅದು ಇಳಿಯಿತು. ನಾವು ನುಂಗುವ ಐಬುಪ್ರೊಫೆನ್ ಮಾತ್ರೆ ತಗ್ಗಿಸುವುದೂ ಇದೇ ವಸ್ತುವನ್ನೇ. 7 ಜನ ಅಂದರೆ ಬಹಳ ಚಿಕ್ಕ ಪ್ರಯೋಗ, ನಿಜ. ಆದರೂ ‘ಏನೂ ಗೊತ್ತಾಗಲಿಲ್ಲ’ ಅನ್ನುವ ಬೆಳಕು ಒಳಗೆ ಏನೋ ಮಾಡಿತ್ತು.

ಹೆಪ್ಪಿನ ಲೆಕ್ಕ

ಹಾಲಿಗೆ ಹೆಪ್ಪು ಕಮ್ಮಿಯಾದರೆ ಮೊಸರಾಗದು, ಜಾಸ್ತಿಯಾದರೆ ಬೆಳಗಿನ ಹೊತ್ತಿಗೆ ಹುಳಿ. ಈ ಬೆಳಕಿನದೂ ಅದೇ ಸ್ವಭಾವ. ಕಡಿಮೆ ಕೊಟ್ಟರೆ ಏನೂ ಆಗದು. ಒಂದು ಮಟ್ಟದಲ್ಲಿ ಕೋಶ ಚುರುಕಾಗುತ್ತದೆ. ಅದು ಮೀರಿದರೆ ಪರಿಣಾಮ ಮಾಯ, ಕೆಲವೊಮ್ಮೆ ಉಲ್ಟಾ. ಈ ಚಿಕಿತ್ಸೆಯ ಬಗ್ಗೆ ಒಂದು ಅಧ್ಯಯನ ‘ಕೆಲಸ ಮಾಡುತ್ತದೆ’ ಎಂದರೆ ಇನ್ನೊಂದು ‘ಇಲ್ಲ’ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಇದು.

ಪ್ರಮಾಣ ಅಳೆಯುವುದು ಜೂಲ್‌ನಲ್ಲಿ. ವ್ಯಾಟ್ ಅನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್. 100 ಮಿಲಿವ್ಯಾಟ್ ಅಂದರೆ 0.1 ವ್ಯಾಟ್, ಅದನ್ನು 40 ಸೆಕೆಂಡ್ ಹಿಡಿದರೆ 4 ಜೂಲ್. ಇದು ಎಷ್ಟು ಚಿಕ್ಕದು ಗೊತ್ತಾ? ಒಂದು ಮಿಲಿಲೀಟರ್ ನೀರನ್ನು ಸುಮಾರು ಒಂದು ಡಿಗ್ರಿ ಬಿಸಿ ಮಾಡುವಷ್ಟು. ಅತ್ತಿಗೆಗೆ ಏನೂ ಗೊತ್ತಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮಂಡಿ ಸವೆತದ ಲೆಕ್ಕ ಈ ಮಾತಿಗೆ ಒಳ್ಳೆಯ ಉದಾಹರಣೆ. 2019ರಲ್ಲಿ 22 ಪ್ರಯೋಗಗಳನ್ನು, ಒಟ್ಟು 1063 ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. 785–860ರ ಬೆಳಕಾದರೆ ಒಂದು ಬಿಂದುವಿಗೆ 4ರಿಂದ 8 ಜೂಲ್, 904 ಆದರೆ 1ರಿಂದ 3 ಜೂಲ್ ಕೊಟ್ಟ ಕಡೆ ನೋವು ಕಡಿಮೆಯಾಗಿತ್ತು. ಅದಕ್ಕಿಂತ ಕಮ್ಮಿ ಕೊಟ್ಟ ಕಡೆ ಸುಳ್ಳು ಲೇಸರ್‌ಗೂ (ಬೆಳಕು ಬಿಡದೆ ಬೀಪ್ ಮಾತ್ರ ಮಾಡುವ ಯಂತ್ರ) ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಒಂದೇ ಸಿಟ್ಟಿಂಗ್ ಸಾಲದು ಅನ್ನುವುದಕ್ಕೂ ಆಧಾರವಿದೆ. ಈ ಕ್ಷೇತ್ರದ ಜಾಗತಿಕ ಸಂಘ ಸೂಚಿಸುವುದು ಎರಡು ವಾರ ದಿನವೂ, ಇಲ್ಲವೇ ಮೂರು ನಾಲ್ಕು ವಾರ ದಿನ ಬಿಟ್ಟು ದಿನ. ಹತ್ತು ಸಿಟ್ಟಿಂಗ್ ಅನ್ನುವುದು ಸುಮ್ನೆ ದುಡ್ಡಿನ ಲೆಕ್ಕ ಎಂದೇನೂ ಅಲ್ಲ. ಹೋದವರು ವಾರಕ್ಕೊಂದರಂತೆ ಹಂಚಿಕೊಂಡರೆ ಮಾತ್ರ ಆ ಲೆಕ್ಕ ತಪ್ಪುತ್ತದೆ.

ಟೆಂಡನ್ ಯಾಕೆ ಇಷ್ಟು ಸತಾಯಿಸುತ್ತದೆ

ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗವೇ ಟೆಂಡನ್. ಕೋಳಿ ಕಾಲು ತಿನ್ನುವವರು ತುದಿಯಲ್ಲಿ ಬಿಳಿ ನಾರು ನೋಡಿರುತ್ತೀರಿ, ಅದೇ. ಮಾಂಸ ಕೆಂಪಗಿರುವುದು ಮುಖ್ಯವಾಗಿ ಅದರಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತುವಿನಿಂದ, ಅಲ್ಲಿ ರಕ್ತವೂ ಧಾರಾಳವಾಗಿ ಓಡಾಡುತ್ತದೆ. ಬೆಳ್ಳಗಿನ ಟೆಂಡನ್‌ನಲ್ಲಿ ರಕ್ತನಾಳ ಕಮ್ಮಿ. ಸಿಮೆಂಟು, ಜಲ್ಲಿ ಬರುವ ದಾರಿಯೇ ಕಿರಿದು, ರಿಪೇರಿ ನಿಧಾನ. ಟೆನಿಸ್ ಎಲ್ಬೋದಲ್ಲಿ ಕೆಡುವುದು ಮಣಿಕಟ್ಟನ್ನು ಮೇಲೆತ್ತುವ ಮಾಂಸಖಂಡದ ಟೆಂಡನ್, ಅದು ಮೊಣಕೈ ಗಂಟಿಗೆ ಅಂಟಿಕೊಂಡ ಜಾಗದಲ್ಲಿ. ಬಟ್ಟೆ ಹಿಂಡುವುದು, ಸ್ಕ್ರೂಡ್ರೈವರ್ ತಿರುಗಿಸುವುದು, ದಿನವಿಡೀ ಮೌಸ್ ಹಿಡಿಯುವುದು, ಎಲ್ಲವೂ ಅಲ್ಲಿಗೇ ಎಳೆತ.

ಮೊಣಕೈ ಬಗ್ಗೆ 2008ರಲ್ಲಿ ನಡೆದ ದೊಡ್ಡ ಪರಿಶೀಲನೆಯಲ್ಲಿ ಸ್ವಲ್ಪ ಕಾಲದ ಮಟ್ಟಿಗೆ ಫಲ ಸ್ಪಷ್ಟವಾಗಿ ಕಂಡದ್ದು 904 ನ್ಯಾನೊಮೀಟರಿನ ಲೇಸರನ್ನು ನೇರವಾಗಿ ಆ ಅಂಟಿನ ಜಾಗಕ್ಕೇ ಹಿಡಿದಾಗ. ಅತ್ತಿಗೆಯ ಯಂತ್ರ 808 ಎಂದು ನಾನು ಆಗಲೇ ಹೇಳಿದ್ದೆ. ಇದು ಗೊತ್ತಾಗುವ ಹೊತ್ತಿಗೆ ಅವರ ಆರನೇ ಸಿಟ್ಟಿಂಗ್ ಮುಗಿದಿತ್ತು!

ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಬಗ್ಗೆ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2008ರ ಒಂದರಲ್ಲಿ ವ್ಯಾಯಾಮದ ಜೊತೆ ಲೇಸರ್ ಪಡೆದವರಿಗೆ 4 ವಾರಕ್ಕೆ ಸಿಕ್ಕಿದ ಆರಾಮ, ವ್ಯಾಯಾಮದ ಜೊತೆ ಸುಳ್ಳು ಲೇಸರ್ ಪಡೆದವರಿಗೆ ಸಿಗಲು 12 ವಾರ ಬೇಕಾಯಿತು. 2012ರ ಇನ್ನೊಂದರಲ್ಲಿ ಲೇಸರ್ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಎರಡರಲ್ಲೂ ವ್ಯಾಯಾಮ ಎಲ್ಲರಿಗೂ ಇತ್ತು ಅನ್ನುವುದನ್ನು ಗಮನಿಸಿ. ಟೆಂಡನ್ ಗಟ್ಟಿಯಾಗುವುದು ನಿಧಾನವಾಗಿ ಭಾರ ಹೊತ್ತು ಹೊತ್ತು. ಆ ಕೆಲಸವನ್ನು ಬೆಳಕು ಮಾಡದು. ನೋವು ಸ್ವಲ್ಪ ತಗ್ಗಿಸಿ, ವ್ಯಾಯಾಮ ಮಾಡಲು ಕೈಕಾಲು ಬಿಟ್ಟುಕೊಟ್ಟರೆ ಅದೇ ದೊಡ್ಡದು.

ಮಾಂಸಖಂಡ, ಕುತ್ತಿಗೆ, ಮೂಳೆ

ಮಾಂಸಖಂಡದ ಮೇಲೆ ಬ್ರೆಜಿಲ್‌ನಲ್ಲಿ ಬಹಳ ಕೆಲಸ ನಡೆದಿದೆ. ಅಲ್ಲಿ ವೃತ್ತಿಪರ ವಾಲಿಬಾಲ್ ಆಟಗಾರರ ತೋಳಿಗೆ ಕಸರತ್ತಿಗೂ ಮೊದಲೇ ಲೇಸರ್ ಕೊಟ್ಟು ನೋಡಿದರು. ದಣಿಯುವ ಮುನ್ನ ಇನ್ನೂ ಕೆಲವು ಸಲ ಜಾಸ್ತಿ ಭಾರ ಎತ್ತಿದರು. ಕುತ್ತಿಗೆ ನೋವಿನ ಬಗ್ಗೆ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 16 ಪ್ರಯೋಗ, 820 ರೋಗಿಗಳ ಪರಿಶೀಲನೆ ಬಂತು. ಹಳೆಯ ಕುತ್ತಿಗೆ ನೋವಿನವರಲ್ಲಿ ಚಿಕಿತ್ಸೆ ಮುಗಿದ ಮೇಲೂ 22 ವಾರಗಳವರೆಗೆ ಆರಾಮ ಉಳಿದಿತ್ತು. ಹಳೆಯ ಸೊಂಟ ನೋವಿಗೆ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ ಎಂಬ ವೈದ್ಯರ ಸಂಘ 2017ರಲ್ಲಿ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಪುರಾವೆ ದುರ್ಬಲ ಎಂಬ ಷರಾ ಜೊತೆಗೇ ಇತ್ತು.

ಮೂಳೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಮುರಿದ ಮೂಳೆ ಬೇಗ ಕೂಡಿಕೊಂಡಿತು ಅನ್ನುವ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿ, ಮೊಲದ ಮೇಲಿನವು. ಇಲಿಯ ಕಾಲಿನ ಮೂಳೆಗೂ ಚರ್ಮಕ್ಕೂ ನಡುವೆ ಎಷ್ಟು ಮಾಂಸ ಇದ್ದೀತು? ನಮ್ಮ ತೊಡೆಯ ಮೂಳೆಯ ಕಥೆಯೇ ಬೇರೆ. ಪ್ಲಾಸ್ಟರ್ ಹಾಕಿದ ಮೇಲಂತೂ ಬೆಳಕು ಚರ್ಮವನ್ನೇ ಮುಟ್ಟುವುದಿಲ್ಲ. ಮೂಳೆ ಕೂರಿಸುವುದು, ಅಲುಗದಂತೆ ಹಿಡಿಯುವುದು, ಆ ಕೆಲಸಕ್ಕೆ ಬದಲಿ ಇಲ್ಲ. ಒಳಗೆ ರಾಡು, ಪ್ಲೇಟು ಇರುವವರು ಹೆದರಬೇಕಾದ್ದು ಡಯಾಥರ್ಮಿ ಎಂಬ ಬಿಸಿ ಕೊಡುವ ಯಂತ್ರಕ್ಕೆ. ಕಡಿಮೆ ಶಕ್ತಿಯ ಲೇಸರ್ ಲೋಹವನ್ನು ಹಾಗೆ ಕಾಯಿಸದು.

ಸುಳ್ಳು ಲೇಸರ್

ಮೇಲೆ ಎರಡು ಮೂರು ಸಲ ‘ಸುಳ್ಳು ಲೇಸರ್’ ಅಂದೆ. ಟೆನಿಸ್ ಎಲ್ಬೋ ಬಂದವರಲ್ಲಿ ಬಹುತೇಕರಿಗೆ ಒಂದು ವರ್ಷದೊಳಗೆ ಅದು ತಾನಾಗೇ ತಗ್ಗುತ್ತದೆ. ಅಷ್ಟರಲ್ಲಿ ನಾವು ಯಾವ ಎಣ್ಣೆ ಹಚ್ಚಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಅದಕ್ಕೇ ಸಂಶೋಧಕರು ಅರ್ಧ ಜನಕ್ಕೆ ನಿಜವಾದ ಲೇಸರ್, ಉಳಿದವರಿಗೆ ಬೀಪ್ ಮಾತ್ರ ಮಾಡುವ ಯಂತ್ರ ಹಿಡಿಯುತ್ತಾರೆ. ಅವಕೆಂಪು ಕಣ್ಣಿಗೆ ಕಾಣದ್ದು, ಮೈಗೆ ತಿಳಿಯದ್ದು. ಹಾಗಾಗಿ ರೋಗಿಗೂ ಗೊತ್ತಾಗದು, ಯಂತ್ರ ಹಿಡಿದವರಿಗೂ ಗೊತ್ತಾಗದು. ಎಣ್ಣೆ ತಿಕ್ಕುವುದನ್ನು ಹೀಗೆ ಗುಟ್ಟಾಗಿ ಪರೀಕ್ಷೆ ಮಾಡಲು ಆಗುತ್ತದಾ?

ಇದೇ ಗುಣ ಕ್ಲಿನಿಕ್ಕಿನಲ್ಲಿ ತೊಂದರೆ. ಯಂತ್ರ ಬೀಪ್ ಅಂದರೆ ಬೆಳಕು ಬಂತು ಎಂದು ಲೆಕ್ಕವಲ್ಲ. ಒಳಗೆ ಬೆಳಕು ಹೊರಡಿಸುವ ಡಯೋಡ್ ಹಳೆಯದಾದರೆ ಶಕ್ತಿ ಇಳಿಯುತ್ತದೆ. ಬ್ರೆಜಿಲ್‌ನಲ್ಲಿ ಕ್ಲಿನಿಕ್‌ಗಳ ಯಂತ್ರಗಳಿಗೆ ಮೀಟರ್ ಹಿಡಿದು ನೋಡಿದಾಗ ಎಷ್ಟೋ ಯಂತ್ರಗಳು ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಕೊಡುತ್ತಿದ್ದವು. ‘ಆನ್ ಆಗಿದ್ಯಾ ಇದು?’ ಅನ್ನುವುದು ತಮಾಷೆಯ ಪ್ರಶ್ನೆಯೇನೂ ಅಲ್ಲ.

ಹೋಗುವ ಮೊದಲು

ಎಷ್ಟು ನ್ಯಾನೊಮೀಟರ್, ಎಷ್ಟು ಮಿಲಿವ್ಯಾಟ್, ಒಂದು ಬಿಂದುವಿಗೆ ಎಷ್ಟು ಜೂಲ್, ಯಂತ್ರದ ಶಕ್ತಿಯನ್ನು ಕಡೆಯ ಸಲ ಅಳೆದದ್ದು ಯಾವಾಗ? ಕೇಳುವುದರಲ್ಲಿ ಸಂಕೋಚ ಬೇಡ. ಜೊತೆಗೆ ಯಾವ ವ್ಯಾಯಾಮ ಎಂದೂ ಕೇಳಿ. ವ್ಯಾಯಾಮವನ್ನೇ ಹೇಳದೆ ಬರೀ ಲೇಸರ್ ಕೊಟ್ಟು ಕಳಿಸಿದರೆ ಅರ್ಧ ಚಿಕಿತ್ಸೆಯೂ ಆಗಲಿಲ್ಲ.

ಕನ್ನಡಕ ಕಡ್ಡಾಯ. ಅವಕೆಂಪು ಕಾಣದೇ ಇರುವುದೇ ಅಪಾಯ. ಜೋರು ಬೆಳಕು ಕಂಡರೆ ರೆಪ್ಪೆ ತಾನೇ ಮುಚ್ಚುತ್ತದೆ, ಕಾಣದ ಬೆಳಕಿಗೆ ಮುಚ್ಚದು, ಕಣ್ಣಿನ ಪರದೆ ಸುಟ್ಟುಹೋಗಬಹುದು. ಕ್ಯಾನ್ಸರ್ ಗೆಡ್ಡೆ ಇರುವ ಅಥವಾ ಇರಬಹುದಾದ ಜಾಗದ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ, ಥೈರಾಯ್ಡ್ ಮೇಲೆ ಹಿಡಿಯುವುದಿಲ್ಲ. ಡಾಕ್ಸಿಸೈಕ್ಲಿನ್‌ನಂಥ, ಚರ್ಮಕ್ಕೆ ಬೆಳಕು ತಾಳದಂತೆ ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಹಿಮ್ಮಡಿಯ ಮೇಲೆ ‘ಟಪ್’ ಎಂದು ಸದ್ದಾಗಿ ಕಾಲು ಊರಲಾಗದಿದ್ದರೆ, ಜ್ವರದ ಜೊತೆ ಕೀಲು ಕೆಂಪಗೆ ಊದಿದ್ದರೆ, ಕೈಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತಿದ್ದರೆ ಅದು ಲೇಸರಿನ ಕೆಲಸವಲ್ಲ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಅತ್ತಿಗೆಯ ಹತ್ತೂ ಸಿಟ್ಟಿಂಗ್ ಮುಗಿದವು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಈಗಲೂ ಟಿವಿ ನೋಡುತ್ತಾ ಮಾಡುತ್ತಾರೆ. ಬೆಡ್‌ಶೀಟ್ ಹಿಂಡುವುದು ಅಣ್ಣನ ಪಾಲಿಗೆ ಬಂದಿದೆ. ನೋವು ಮುಕ್ಕಾಲು ಪಾಲು ಹೋಗಿದೆ. ಯಾವುದರಿಂದ ಹೋಯಿತು ಎಂದು ಕೇಳಿದರೆ ಅಣ್ಣ ‘ಲೇಸರಿಂದ’ ಅನ್ನುತ್ತಾನೆ, ದುಡ್ಡು ಕೊಟ್ಟವನು ಅವನು. ‘ಬಟ್ಟೆ ಹಿಂಡೋದು ಬಿಟ್ಟಿದ್ದಕ್ಕೆ’ ಅನ್ನುತ್ತಾರೆ ಅತ್ತಿಗೆ.